ಬಾರ್ ಎಲ್ಲಿ ಕೂರಬೇಕು?

ಬೆನ್ನ ಮೇಲೆ ಬಾರ್ ಹೊತ್ತು ಕೂತೇಳುವ ಸ್ಕ್ವಾಟ್ ಹೊಡೆಯುವವರಲ್ಲಿ ಎರಡು ಪಂಗಡ. ಬಾರನ್ನು ಕತ್ತಿನ ಬುಡದ ದಪ್ಪ ಮಾಂಸದ ಮೇಲೆ ಎತ್ತರಕ್ಕೆ ಕೂರಿಸುವ ಹೈ ಬಾರ್‌ನವರು ಒಂದು ಕಡೆ. ಅದನ್ನೇ ಎರಡು ಮೂರು ಇಂಚು ಕೆಳಗಿಳಿಸಿ, ಭುಜದ ಹಿಂದಿನ ಹಲಗೆಮೂಳೆಯ ಏಣಿಗೆ ಒತ್ತಿ ಹಿಡಿಯುವ ಲೋ ಬಾರ್‌ನವರು ಇನ್ನೊಂದು ಕಡೆ. ಈ ಎರಡು ಮೂರು ಇಂಚಿನ ವ್ಯಾಜ್ಯ ಮಾದಾಪುರಕ್ಕೂ ಬಂದಿದೆ. ಇಲ್ಲಿನ ಹುಡುಗರು ಸಂಜೆ ಬೈಕ್ ಹತ್ತಿ ಸೋಮವಾರಪೇಟೆಗೋ ಮಡಿಕೇರಿಗೋ ಜಿಮ್ಮಿಗೆ ಹೋಗುತ್ತಾರೆ. ವಾಪಸ್ ಬಂದು, ಕಾಫಿ ಬೆಳೆಯುವ ಊರಿನಲ್ಲಿ ಚಹಾ ಕುಡಿಯುತ್ತಾ ಇದನ್ನೇ ವಾದಿಸುತ್ತಾರೆ. ಪಕ್ಕದಲ್ಲಿ ಕೂತ ನನ್ನನ್ನು ‘ಅಣ್ಣಾ, ನೀವೇ ಹೇಳಿ, ಯಾರದ್ದು ಸರಿ?’ ಎಂದು ಎಳೆಯುತ್ತಾರೆ.

ಇಬ್ಬರದ್ದೂ ಸರಿ. ಆದರೆ ಯಾರೂ ವಾದಿಸದೆ, ಬಹಳ ಜನ ಸುಮ್ಮನೆ ಮಾಡುವ ಮೂರನೆಯದೊಂದಿದೆ. ಅದು ಮಾತ್ರ ತಪ್ಪು. ತಲೆ ಬಗ್ಗಿಸಿ ಕತ್ತಿನ ಹಿಂದೆ ಬೆರಳಾಡಿಸಿದರೆ ಬುಡದಲ್ಲಿ ಒಂದು ಉಬ್ಬುಮೂಳೆ ಸಿಗುತ್ತದೆ. ಬಾರನ್ನು ತಂದು ನೇರವಾಗಿ ಅದರ ಮೇಲೆ ಇಡುತ್ತಾರೆ. ನೋಯುತ್ತದೆ. ನೋಯುತ್ತದೆಂದು ಬಾರಿಗೆ ಸ್ಪಾಂಜಿನ ಕೊಳವೆ ಸಿಕ್ಕಿಸುತ್ತಾರೆ, ಇಲ್ಲವೇ ಟವೆಲ್ ಸುತ್ತುತ್ತಾರೆ. ಸ್ಪಾಂಜು ಬಂದ ಮೇಲೆ ಬಾರ್ ಇನ್ನಷ್ಟು ದಪ್ಪ, ಇನ್ನಷ್ಟು ಜಾರು. ಉರುಳಿ ಮತ್ತೆ ಕತ್ತಿಗೇ ಬರುತ್ತದೆ. ನೋವು ಹೇಳುತ್ತಿದ್ದದ್ದು ಜಾಗ ತಪ್ಪಾಗಿದೆ ಎಂದು. ಭುಜಗಳನ್ನು ಹಿಂದಕ್ಕೆಳೆದು ಹಲಗೆಮೂಳೆಗಳನ್ನು ಹತ್ತಿರ ತಂದರೆ ಕತ್ತಿನ ಬುಡದ ಮಾಂಸ ಗಟ್ಟಿಯಾಗಿ ಎದ್ದು ನಿಲ್ಲುತ್ತದೆ. ಬಾರ್ ಕೂರಬೇಕಾದದ್ದು ಅಲ್ಲಿ, ಮೂಳೆಗಿಂತ ಕೆಳಗೆ. ಹಾಗೆ ಕೂತ ಬಾರಿಗೆ ಸ್ಪಾಂಜು ಬೇಡ.

ಇನ್ನು ಅಸಲು ವ್ಯಾಜ್ಯ. ಬಾರ್ ಬೆನ್ನಿನ ಮೇಲೆ ಎಲ್ಲೇ ಇರಲಿ, ಅದು ಇಳಿದು ಏರುವ ದಾರಿ ಒಂದೇ: ಪಾದದ ನಡುಭಾಗಕ್ಕೆ ಸರಿಯಾಗಿ ಮೇಲೆ. ಮುಂದೆ ಹೋದರೆ ಹಿಮ್ಮಡಿ ಏಳುತ್ತದೆ, ಹಿಂದೆ ಹೋದರೆ ಮನುಷ್ಯ ಹಿಂದಕ್ಕೆ ಬೀಳುತ್ತಾನೆ. ಹೀಗಾಗಿ ಬಾರ್ ಬೆನ್ನಿನಲ್ಲಿ ಕೆಳಗಿಳಿದಷ್ಟೂ ಅದನ್ನು ಪಾದದ ಮೇಲೆ ತರಲು ಮೈ ಮುಂದಕ್ಕೆ ಬಾಗಲೇಬೇಕು. ತೋಟದಲ್ಲಿ 50 ಕಿಲೋದ ಕಾಫಿ ಚೆರಿ ಮೂಟೆಯನ್ನು ಲಾರಿಗೆ ಹಾಕುವವರನ್ನು ನೋಡಿ. ಮೂಟೆ ಮೇಲುಬೆನ್ನಿನ ಮೇಲೆ ಅಡ್ಡ ಮಲಗಿರುತ್ತದೆ, ಹೊತ್ತವನು ಸೊಂಟದಿಂದ ಮುಂದಕ್ಕೆ ಬಾಗಿರುತ್ತಾನೆ, ಭಾರ ಅಂಗಾಲಿನ ನಡುವೆ ಬೀಳುತ್ತಿರುತ್ತದೆ. ಲೋ ಬಾರ್ ಹುಡುಗ ಬಾಗಿದಾಗ ‘ಬೆನ್ನು ನೆಟ್ಟಗೆ, ಬೆನ್ನು ನೆಟ್ಟಗೆ’ ಎಂದು ಕೂಗುವ ಟ್ರೇನರ್‌ಗಳು ಇದನ್ನು ಗಮನಿಸಬೇಕು. ಬೆನ್ನು ಬಾಗುವುದು ಬೇರೆ, ಗೂನಾಗುವುದು ಬೇರೆ. ಗೂನು ತಪ್ಪು, ಬೆನ್ನುಮೂಳೆ ಬಿಗಿಯಾಗಿದ್ದು ಸೊಂಟದಲ್ಲಿ ಬಾಗಿದರೆ ತಪ್ಪಿಲ್ಲ.

ಮೈ ಬಾಗಿದಾಗ ಸೊಂಟ ಹಿಂದಕ್ಕೆ ಹೋಗುತ್ತದೆ, ಕೆಲಸದ ಹೆಚ್ಚಿನ ಪಾಲು ಕುಂಡಿ, ತೊಡೆಯ ಹಿಂಭಾಗ, ನಡುವಿನ ಮಾಂಸಕ್ಕೆ ಹೋಗುತ್ತದೆ. ಹೈ ಬಾರ್‌ನಲ್ಲಿ ಮೈ ನೆಟ್ಟಗಿರುವುದರಿಂದ ಮಂಡಿ ಮುಂದಕ್ಕೆ ಬರುತ್ತದೆ, ತೊಡೆಯ ಮುಂಭಾಗ ದುಡಿಯುತ್ತದೆ. ಸಾಮಾನ್ಯವಾಗಿ ಲೋ ಬಾರ್‌ನಲ್ಲಿ ತುಸು ಹೆಚ್ಚು ತೂಕ ಏಳುತ್ತದೆ. ಹುಡುಗರಿಗೆ ಅದರ ಮೇಲೆ ಕಣ್ಣು ಬೀಳುವುದೂ ಅದಕ್ಕೇ.

ಮಂಡಿ ಮುಂದಕ್ಕೆ ಬರುತ್ತದೆ ಎಂದ ಕೂಡಲೇ ಯಾರಾದರೂ ಒಬ್ಬರು ಬೆರಳೆತ್ತುತ್ತಾರೆ: ‘ಮಂಡಿ ಕಾಲ್ಬೆರಳು ದಾಟಬಾರದು!’ ಈ ಮಾತು ನಮ್ಮ ಜಿಮ್‌ಗಳಲ್ಲಿ ಶಾಸನವಾಗಿದೆ. ಗರಡಿಮನೆಯ ಉಸ್ತಾದರು ಕೇಳಿದ್ದರೆ ನಕ್ಕುಬಿಡುತ್ತಿದ್ದರು. ಬಸ್ಕಿ ಹೊಡೆಯುವಾಗ ಪೈಲ್ವಾನನ ಹಿಮ್ಮಡಿಯೇ ನೆಲ ಬಿಟ್ಟಿರುತ್ತದೆ, ಮಂಡಿ ಬೆರಳನ್ನು ದಾಟಿ ಎಷ್ಟೋ ಮುಂದಿರುತ್ತದೆ. ಭಾರವಿಲ್ಲದ ಬಸ್ಕಿಗೂ ಭಾರ ಹೊತ್ತ ಸ್ಕ್ವಾಟಿಗೂ ವ್ಯತ್ಯಾಸವಿದೆ, ಒಪ್ಪಿದೆ. ಅದನ್ನೂ ಅಳೆದು ನೋಡಿದ್ದಾರೆ. 2003ರಲ್ಲಿ ಅಮೆರಿಕದ ಆಂಡ್ರ್ಯೂ ಫ್ರೈ ಮತ್ತು ಜೊತೆಗಾರರು ಏಳು ಮಂದಿ ಪಳಗಿದವರಿಂದ, ಅವರವರ ಮೈತೂಕದಷ್ಟೇ ಭಾರ ಹೊರಿಸಿ ಸ್ಕ್ವಾಟ್ ಮಾಡಿಸಿದರು. ಒಮ್ಮೆ ಮಂಡಿಯನ್ನು ಅದರ ಪಾಡಿಗೆ ಬಿಟ್ಟರು, ಇನ್ನೊಮ್ಮೆ ಬೆರಳು ದಾಟದಂತೆ ಮುಂದೆ ಹಲಗೆ ಅಡ್ಡ ನಿಲ್ಲಿಸಿದರು. ಹಲಗೆ ಇದ್ದಾಗ ಮಂಡಿಯ ಮೇಲಿನ ತಿರುಗುಬಲ ಸುಮಾರು 150 ನ್ಯೂಟನ್ ಮೀಟರ್‌ನಿಂದ 117ಕ್ಕೆ ಇಳಿಯಿತು. ಸೊಂಟದ ಕೀಲಿನ ಮೇಲಿನದ್ದು ಸುಮಾರು 28ರಿಂದ 302ಕ್ಕೆ ಏರಿತು! ಮಂಡಿಗೆ ಅಷ್ಟಿಷ್ಟು ಉಳಿಸಿ ಸೊಂಟಕ್ಕೆ ಹತ್ತು ಪಟ್ಟು ಹೊರಿಸುವ ಈ ಲೆಕ್ಕ ಯಾವ ಬುದ್ಧಿವಂತನದ್ದು? ಮಂಡಿಯಲ್ಲಿ ಹಳೇ ಪೆಟ್ಟಿದ್ದವರು ವೈದ್ಯರ ಮಾತು ಕೇಳಲಿ. ಗಟ್ಟಿಮುಟ್ಟಾದವರು ಮಂಡಿಯನ್ನು ಅದು ಹೋಗುವಲ್ಲಿಗೆ ಬಿಡಲಿ. ಪಾದ ಎತ್ತ ನೋಡುತ್ತದೋ ಮಂಡಿಯೂ ಅತ್ತಲೇ ಹೋಗುತ್ತಿದೆಯೇ, ಒಳಕ್ಕೆ ಬೀಳುತ್ತಿದೆಯೇ ಎಂಬುದನ್ನಷ್ಟೇ ನೋಡಿಕೊಳ್ಳಲಿ.

ಹಾಗಾದರೆ ಯಾರಿಗೆ ಯಾವುದು? ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರನ್ನು ನೆನೆಯಿರಿ. ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ ಕುಸ್ತಿಯಿಂದ ವೇಟ್‌ಲಿಫ್ಟಿಂಗ್‌ಗೆ ಹೊರಳಿದವರು. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ಸ್ನ್ಯಾಚ್‌ನಲ್ಲಿ 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ 138. ತನ್ನ ಮೈತೂಕದ ಸುಮಾರು ಎರಡೂವರೆ ಪಟ್ಟನ್ನು ಎದೆಯ ಮೇಲೆ ಹಿಡಿದು ಕುಕ್ಕರಗಾಲಿನಿಂದ ಏಳಬೇಕೆಂದರೆ ಎದೆ ನೆಟ್ಟಗಿರಲೇಬೇಕು. ಬಾಗಿದರೆ ಬಾರ್ ಮುಂದೆ ಬಿತ್ತು. ವೇಟ್‌ಲಿಫ್ಟರ್‌ಗಳು ಅಭ್ಯಾಸದಲ್ಲಿ ಹೈ ಬಾರ್ ಬಿಟ್ಟುಕೊಡದಿರುವುದಕ್ಕೆ ಕಾರಣ ಇದು. ಪವರ್‌ಲಿಫ್ಟಿಂಗ್‌ನವರ ಲೆಕ್ಕವೇ ಬೇರೆ. ಅಲ್ಲಿ ಸ್ಕ್ವಾಟೇ ಸ್ಪರ್ಧೆಯ ಒಂದು ಭಾಗ. ತೊಡೆಯ ಮೇಲ್ಮೈ ಸೊಂಟದ ಕೀಲಿನ ಬಳಿ ಮಂಡಿಯ ತುದಿಗಿಂತ ಕೆಳಗಿಳಿದರೆ ಸಾಕು, ಮೂವರು ತೀರ್ಪುಗಾರರಲ್ಲಿ ಇಬ್ಬರ ಬಿಳಿ ದೀಪ ಹತ್ತಿದರೆ ಸಾಕು. ಉಳಿದದ್ದೆಲ್ಲ ಎಷ್ಟು ಕಿಲೋ ಎಂಬ ಮಾತು. ಅವರಲ್ಲಿ ಹೆಚ್ಚಿನವರು ಲೋ ಬಾರ್ ಹಿಡಿದಿದ್ದರೆ ಆಶ್ಚರ್ಯವೇನು?

ಸ್ಪರ್ಧೆಗೆ ಹೋಗದ, ಹಾಕಿ ಆಡುವ, ತೋಟ ನೋಡಿಕೊಳ್ಳುವ ಮಾದಾಪುರದ ಹುಡುಗನಿಗೆ ನನ್ನ ಓಟು ಹೈ ಬಾರಿಗೆ. ಕುಕ್ಕರಗಾಲಲ್ಲಿ ಕೂತು ಬೆಳೆದವನ ಹರಡು, ಮೀನಖಂಡ ಚೆನ್ನಾಗಿ ಮಡಿಯುತ್ತವೆ. ಆಳಕ್ಕೆ ಇಳಿಯುವುದು ಅವನಿಗೆ ಕಷ್ಟವಲ್ಲ. ಹೈ ಬಾರ್ ಕಲಿಯಲು ಸುಲಭ, ತಪ್ಪಾದರೆ ಕಣ್ಣಿಗೆ ಬೇಗ ಕಾಣುತ್ತದೆ. ಲೋ ಬಾರ್ ಹಿಡಿಯಲು ಭುಜ ಹಿಂದಕ್ಕೆ ಚೆನ್ನಾಗಿ ತಿರುಗಬೇಕು. ತಿರುಗದವನು ಮಣಿಕಟ್ಟನ್ನು ಮುರಿದಂತೆ ಬಗ್ಗಿಸಿ ಬಾರನ್ನು ಕೈಯಲ್ಲೇ ಹೊರುತ್ತಾನೆ. ತಿಂಗಳೊಪ್ಪತ್ತಿನಲ್ಲಿ ಮೊಣಕೈ ಹಿಡಿದುಕೊಂಡು ಕೂರುತ್ತಾನೆ. ಇನ್ನೂ ಒಂದು: ತೊಡೆ ಉದ್ದವಿದ್ದು ಮೈ ಗಿಡ್ಡವಿರುವವನು ಹೈ ಬಾರ್‌ನಲ್ಲೂ ಬಾಗುತ್ತಾನೆ. ಅದು ಅವನ ಮೂಳೆಯ ಅಳತೆ, ತಪ್ಪಲ್ಲ. ಅಂಥವನಿಗೆ ವರ್ಷ ಕಳೆದ ಮೇಲೆ ಲೋ ಬಾರ್ ಒಗ್ಗಬಹುದು. ಹರಡು ಬಿಗಿಯಿದ್ದವರು ಹಿಮ್ಮಡಿ ಸುಮಾರು ಎರಡು ಸೆಂಟಿಮೀಟರ್ ಎತ್ತರವಿರುವ ಲಿಫ್ಟಿಂಗ್ ಶೂ ಹಾಕಲಿ. ಮೆತ್ತನೆ ಅಟ್ಟೆಯ ಓಟದ ಶೂ ಮಾತ್ರ ಬೇಡವೇ ಬೇಡ. ಅದಕ್ಕಿಂತ ಬರಿಗಾಲು ವಾಸಿ.

ಒಂದು ಹಳೇ ಸಂಗತಿ. ಮಿಲೋ ಸ್ಟೈನ್‌ಬಾರ್ನ್ ಎಂಬ ಜರ್ಮನ್ ಪೈಲ್ವಾನ 1921ರಲ್ಲಿ ಅಮೆರಿಕಕ್ಕೆ ಹೋಗಿ ಭಾರೀ ತೂಕದ ಆಳದ ಸ್ಕ್ವಾಟನ್ನು ಅಲ್ಲಿ ಜನಪ್ರಿಯ ಮಾಡಿದ. ಅವನಿಗೆ ರ‍್ಯಾಕ್ ಇರಲಿಲ್ಲ. ಬಾರನ್ನು ಒಂದು ತುದಿಯ ಮೇಲೆ ನಿಲ್ಲಿಸಿ, ಅದರಡಿ ಕೂತು, ಹೆಗಲ ಮೇಲೆ ವಾಲಿಸಿಕೊಂಡು ಏಳುತ್ತಿದ್ದ. ಮೇಲೋ ಕೆಳಗೋ ಎಂದು ಇಂಚು ಅಳೆಯುವ ಪುರುಸೊತ್ತು ಅವನಿಗೆಲ್ಲಿತ್ತು! ರ‍್ಯಾಕ್ ಬಂದ ಮೇಲೆಯೇ ನಮ್ಮ ಈ ವ್ಯಾಜ್ಯಕ್ಕೆ ಪುರುಸೊತ್ತು ಸಿಕ್ಕಿದ್ದು ಎಂದು ನನ್ನ ಗುಮಾನಿ.

ರ‍್ಯಾಕಿನ ಮಾತು ಬಂದದ್ದರಿಂದ ಜಿಮ್ ನಡೆಸುವವರಲ್ಲಿ ಒಂದು ಬಿನ್ನಹ. ಸಣ್ಣ ಊರುಗಳ ಎಷ್ಟೋ ಜಿಮ್‌ಗಳಲ್ಲಿ ಬಾರ್ ಇಡಲು ಎರಡು ಕಂಬ ಇರುತ್ತವೆ. ಏಳಲಾಗದೆ ಕೂತುಬಿಟ್ಟವನ ಬೆನ್ನಿನಿಂದ ಬಾರನ್ನು ತಡೆದುಕೊಳ್ಳುವ ಅಡ್ಡಕಂಬಿಗಳು ಇರುವುದಿಲ್ಲ. ಕಂಬದ ಕೊಕ್ಕೆಯನ್ನು ಎದೆಯ ಮಟ್ಟಕ್ಕೆ ಇಳಿಸಲು ಬಾರದೆ, ಗಿಡ್ಡ ಹುಡುಗರು ತುದಿಗಾಲಲ್ಲಿ ನಿಂತು ಬಾರ್ ತೆಗೆಯುವುದನ್ನೂ ನೋಡಿದ್ದೇನೆ. ಹೊಸ ಕನ್ನಡಿ, ಹೊಸ ಬಣ್ಣ ಆಮೇಲೆ ಬರಲಿ. ಈ ಮಳೆಗಾಲದೊಳಗೆ ಒಂದು ಜೊತೆ ಅಡ್ಡಕಂಬಿ ಹಾಕಿಸಿ, ಆ ಸ್ಪಾಂಜಿನ ಕೊಳವೆಗಳನ್ನು ಗುಜರಿಗೆ ಕೊಡಿ.