ವಿಜಯನಗರದ ಸ್ಮಾರಕನಾಮಗಳು: ಉತ್ತರ ದಂಡೆಯಿಂದ ಒಂದು ವಿಮರ್ಶೆ

ವಿಜಯನಗರ ಪಟ್ಟಣದ ಕಟ್ಟಡಗಳನ್ನು ಕುರಿತು ಎರಡು ಶತಮಾನಗಳಿಂದ ಬೆಳೆದುಬಂದಿರುವ ಅಧ್ಯಯನ ಸಾಹಿತ್ಯವು ವಿಪುಲವಾದುದು. 1799ರಲ್ಲಿ ಕಾಲಿನ್ ಮೆಕೆಂಜಿ ಸಿದ್ಧಪಡಿಸಿದ ನಕ್ಷೆ, 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರಗಳು, 1900ರಲ್ಲಿ ಪ್ರಕಟವಾದ ರಾಬರ್ಟ್ ಸಿವೆಲ್ಲನ ಚರಿತ್ರೆ, 1917ರ ಲಾಂಗ್‌ಹರ್ಸ್ಟನ ಕೈಪಿಡಿ, 1980ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್, ಜಾನ್ ಫ್ರಿಟ್ಜ್ ಹಾಗೂ ಜಾರ್ಜ್ ಮಿಷೆಲ್ ಅವರು ನಡೆಸಿದ ಸಮೀಕ್ಷೆಗಳು ಇದರ ಮುಖ್ಯ ಘಟ್ಟಗಳು. ಈ ಎಲ್ಲ ವಿದ್ವಾಂಸರಿಗೂ ನಾವು ಋಣಿಗಳಾಗಿದ್ದೇವೆ. ಆದರೆ ಕೊಪ್ಪಳ ತಾಲೂಕಿನ ಹಿಟ್ನಾಳ, ಹುಲಿಗಿ, ಗಂಗಾವತಿ ತಾಲೂಕಿನ ಆನೆಗೊಂದಿ ಮುಂತಾದ ಉತ್ತರ ದಂಡೆಯ ಊರುಗಳ ಜನರ ನಡುವೆ ನಿಂತು ಈ ಸಾಹಿತ್ಯವನ್ನು ಓದಿದಾಗ ಒಂದು ಪ್ರಶ್ನೆ ಏಳುತ್ತದೆ. ಅಕ್ಷರಸ್ಥರು ಇಟ್ಟ ಹೆಸರು ಪರಿಚಯ ಫಲಕವನ್ನೇರಿದರೆ, ಜನಪದರು ಇಟ್ಟ ಹೆಸರು ಏಕೆ ‘ಕೇವಲ ಐತಿಹ್ಯ’ವೆನಿಸಿಕೊಳ್ಳುತ್ತದೆ? ಪ್ರಸ್ತುತ ಲೇಖನವು ಈ ಎರಡಳತೆಯನ್ನು ಪರಿಶೀಲಿಸುತ್ತದೆ.

1

ಮೊದಲು ಫಲಕವನ್ನೇರಿದ ಹೆಸರುಗಳನ್ನು ನೋಡಬಹುದು. ಇಂದು ‘ಕಮಲ ಮಹಲ್’ ಎಂದು ಪ್ರಸಿದ್ಧವಾಗಿರುವ ಕಟ್ಟಡವನ್ನು ಹದಿನೆಂಟನೆಯ ಶತಮಾನದ ಕೊನೆಯ ನಕ್ಷೆಯು ಮಂತ್ರಾಲೋಚನೆಯ ಸಭಾಗೃಹವೆಂದು ಗುರುತಿಸಿದೆ. ‘ಚಿತ್ರಾಂಗಿಣಿ ಮಹಲ್’ ಎಂಬ ಹೆಸರೂ ಇದಕ್ಕೆ ಉಂಟು. ‘ಕಮಲ’ವೆಂಬುದು ಕಟ್ಟಡದ ಆಕಾರವನ್ನು ಕಂಡವರ ಉಪಮೆಯೇ ಹೊರತು ಅದರ ಬಳಕೆಯನ್ನು ತಿಳಿಸುವ ದಾಖಲೆಯಲ್ಲ. ‘ರಾಣಿಯ ಸ್ನಾನಗೃಹ’ವೆಂಬ ಹೆಸರಂತೂ ಇನ್ನಷ್ಟು ದುರ್ಬಲವಾದುದು. ಆ ಕಟ್ಟಡವಿರುವುದು ರಾಣೀವಾಸವೆಂದು ಕರೆಯಲಾಗುವ ಆವರಣದಿಂದ ದೂರದಲ್ಲಿ, ರಾಜಾವರಣದ ಹೊರಗೆ. ಆ ‘ರಾಣೀವಾಸ’ವಾದರೂ ಸ್ತ್ರೀಯರ ನಿವಾಸವೇ ಆಗಿತ್ತೆಂಬುದನ್ನು ವಿದ್ವಾಂಸರು ಪ್ರಶ್ನಿಸಿದ್ದಾರೆ. ಹೀಗಿದ್ದೂ ಈ ಹೆಸರುಗಳು ನಕ್ಷೆ, ಫಲಕ, ಪಠ್ಯಪುಸ್ತಕಗಳಲ್ಲಿ ನಿಶ್ಚಿಂತೆಯಿಂದ ಉಳಿದುಕೊಂಡಿವೆ. ಊಹೆಯು ಮುದ್ರಣವಾದೊಡನೆ ಮಾಹಿತಿಯಾಗುವ ಪ್ರಕ್ರಿಯೆಗೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

‘ಹಜಾರರಾಮ’ ದೇವಾಲಯದ ಸಂಗತಿ ತುಸು ಭಿನ್ನವಾದುದು. ಗೋಡೆಗಳ ಮೇಲೆ ರಾಮಾಯಣದ ಶಿಲ್ಪಗಳು ಕಿಕ್ಕಿರಿದಿರುವುದರಿಂದ ಇದನ್ನು ‘ಸಾವಿರ ರಾಮ’ರ ಗುಡಿಯೆಂದು ಅರ್ಥೈಸುವುದು ರೂಢಿ. ಅರಮನೆಯ ಹಜಾರಕ್ಕೆ ಸೇರಿದ ಗುಡಿಯೆಂಬ ಅರ್ಥವನ್ನು ವಿದ್ವಾಂಸರು ತೆಲುಗಿನ ನೆರವಿನಿಂದ ಸಾಧಿಸಿದ್ದಾರೆ. ಹಜಾರವೆಂದರೆ ಮನೆಯ ಪಡಸಾಲೆ ಎಂಬುದು ಕನ್ನಡಿಗರಿಗೂ ತಿಳಿದ ಮಾತೇ. ಸಾವಿರವೆಂಬ ಅರ್ಥ ಹಿಂದೂಸ್ಥಾನಿಯಿಂದ ಬಂದದ್ದು. ಅಂದಮೇಲೆ ಈ ತಪ್ಪನ್ನು ಜನಪದರ ತಲೆಗೆ ಕಟ್ಟುವ ಮೊದಲು ಅದು ಯಾರ ಬಾಯಿಂದ ಹೊರಟಿತೆಂಬುದನ್ನು ಕೇಳಬೇಕಾಗುತ್ತದೆ.

2

ಜನಪದರ ಹೆಸರುಗಳ ಕಡೆ ಬಂದರೆ ಅಲ್ಲಿ ಬೇರೆಯದೇ ಚರಿತ್ರೆಯೊಂದು ತೆರೆದುಕೊಳ್ಳುತ್ತದೆ. ಹೇಮಕೂಟದ ಇಳಿಜಾರಿನಲ್ಲಿರುವ ಎರಡು ಬೃಹತ್ ಗಣಪತಿಗಳು ಸಾಸಿವೆಕಾಳು, ಕಡಲೆಕಾಳು ಎಂಬ ಹೆಸರಿನವು. ಸುಮಾರು 2.4 ಮೀಟರ್ ಎತ್ತರದ ವಿಗ್ರಹ ಸಾಸಿವೆಯಾದರೆ, ಸುಮಾರು 4.5 ಮೀಟರ್ ಎತ್ತರದ್ದು ಕಡಲೆ. ಇವನ್ನು ಆಯಾ ಕಾಳಿನ ವ್ಯಾಪಾರಿಗಳು ಮಾಡಿಸಿದರೆಂದು ಜನ ಹೇಳುತ್ತಾರೆ. ಕೈಪಿಡಿಗಳು ಇದನ್ನು ವಿನೋದದ ಕಥೆಯೆಂಬಂತೆ ಉಲ್ಲೇಖಿಸಿ ಮುಂದೆ ಸಾಗುತ್ತವೆ. ಆದರೆ ಸಾಸಿವೆಕಾಳು ಗಣಪತಿಯ ಮಂಟಪವನ್ನು ಚಂದ್ರಗಿರಿಯ ವರ್ತಕನೊಬ್ಬ 1506ರಲ್ಲಿ ಕಟ್ಟಿಸಿದನೆಂಬುದು ಶಾಸನದಿಂದ ತಿಳಿದ ಸಂಗತಿ. ಆತ ಸಾಸಿವೆಯನ್ನೇ ಮಾರುತ್ತಿದ್ದನೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಈ ನಿರ್ಮಾಣದ ಹಿಂದೆ ಅರಸನಲ್ಲ, ವರ್ತಕನಿದ್ದನೆಂಬ ಮುಖ್ಯಾಂಶದಲ್ಲಿ ಶಾಸನವೂ ಐತಿಹ್ಯವೂ ಒಂದೇ ಮಾತನ್ನಾಡುತ್ತಿವೆ ಎಂಬುದನ್ನು ಮಾತ್ರ ಇಲ್ಲಿ ಗಮನಿಸಬೇಕು.

ಉಗ್ರನರಸಿಂಹನ ಪಕ್ಕದಲ್ಲಿ ನೀರೊಳಗೆ ನಿಂತಿರುವ ಲಿಂಗವನ್ನು ಜನ ‘ಬಡವಿಲಿಂಗ’ವೆನ್ನುತ್ತಾರೆ, ಬಡ ಹೆಂಗಸೊಬ್ಬಳು ಮಾಡಿಸಿದ್ದೆಂದು ನಂಬುತ್ತಾರೆ. 1528ರ ನರಸಿಂಹ ವಿಗ್ರಹ ಕೃಷ್ಣದೇವರಾಯನ ಹೆಸರಿಗೆ ಸಂದಿತು; ನೆರೆಯ ಲಿಂಗ ಹೆಸರಿಲ್ಲದ ಹೆಣ್ಣಿಗೆ ಸಂದಿತು. ಪಟ್ಟಣವನ್ನು ಕಟ್ಟಿದವರು ಅರಸರು ಮಾತ್ರ ಅಲ್ಲವೆಂಬ ಅರಿವು ಈ ನಾಮಕರಣದಲ್ಲಿದೆ. ಅದು ವಾಸ್ತವವೇ ಎಂಬುದು ಬೇರೆ ಪ್ರಶ್ನೆ. ಅಧಿಕೃತ ಚರಿತ್ರೆಯು ಕೇಳದೆ ಬಿಟ್ಟ ಪ್ರಶ್ನೆಯನ್ನು ಅದು ಕೇಳುತ್ತಿದೆಯೆಂಬುದು ನಿಸ್ಸಂಶಯ.

ಕಟ್ಟಡವಲ್ಲದಿದ್ದರೂ ನಿಂಬಾಪುರದ ಬೂದಿಗುಡ್ಡೆಯನ್ನು ಇಲ್ಲಿ ನೆನೆಯಬೇಕು. ಅದು ವಾಲಿಯನ್ನು ಸುಟ್ಟ ಬೂದಿಯೆಂಬುದು ಜನರ ನಂಬಿಕೆ. ದಕ್ಷಿಣ ಭಾರತದ ಇಂಥ ಬೂದಿಗುಡ್ಡೆಗಳು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿಗಳೆಂಬುದನ್ನು ಆಲ್ಚಿನ್ ಅವರು 1963ರ ತಮ್ಮ ಗ್ರಂಥದಲ್ಲಿ ಸ್ಥಾಪಿಸಿದರು. ವಾಲಿಯ ಹೆಸರು ಪುರಾಣದ್ದಿರಬಹುದು. ಆದರೆ ಆ ದಿಬ್ಬ ಮಣ್ಣಲ್ಲ, ಉರಿದು ಉಳಿದ ಬೂದಿ ಎಂಬ ಮೂಲ ಗ್ರಹಿಕೆ ಜನರಲ್ಲಿ ಮೊದಲಿನಿಂದಲೂ ಇತ್ತು.

3

ಹಾಗೆಂದು ಜಾನಪದ ವಿದ್ವಾಂಸರಾದ ನಾವು ನಿರ್ದೋಷಿಗಳಲ್ಲ. ಐತಿಹ್ಯವನ್ನು ಕಂಡಲ್ಲೆಲ್ಲ ಅದನ್ನು ‘ಜನತೆಯ ಚರಿತ್ರೆ’ಯೆಂದು ಕೊಂಡಾಡುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ಆನೆಗೊಂದಿಯ ನದೀತೀರದ ಅರವತ್ತನಾಲ್ಕು ಕಂಬದ ಮಂಟಪವನ್ನು ಕೃಷ್ಣದೇವರಾಯನ ಸಮಾಧಿಯೆಂದು ಹೇಳುತ್ತಾರೆ. ಈ ಮಾತು ಎಷ್ಟು ಹಳೆಯದು, ಯಾವ ಕುಲದವರ ಬಾಯಲ್ಲಿದೆ, ಯಾರು ಇದನ್ನು ಒಪ್ಪುವುದಿಲ್ಲ ಎಂಬುದನ್ನು ವಿಚಾರಿಸದೆ ನಕಲು ಮಾಡುವವರು ನಮ್ಮಲ್ಲೇ ಇದ್ದಾರೆ. ಹೆಸರು ಸ್ವಾಮ್ಯದ ಪತ್ರವಾಗುವ ಅಪಾಯವೂ ಇದೆ. 2021ರಲ್ಲಿ ತಿರುಮಲದವರು ಹನುಮನ ಜನ್ಮಸ್ಥಳ ತಮ್ಮ ಅಂಜನಾದ್ರಿಯೆಂದಾಗ, ಆನೆಗೊಂದಿ ಬಳಿಯ ಅಂಜನಾದ್ರಿಯ ಪರವಾಗಿ ಎದ್ದ ವಾದದಲ್ಲಿ ಐತಿಹ್ಯವು ಸಾಕ್ಷ್ಯದ ಕಟಕಟೆಗೆ ಬರಬೇಕಾಯಿತು. ಐತಿಹ್ಯದ ಬಲ ಅಂಥ ತೀರ್ಮಾನಗಳಲ್ಲಿಲ್ಲ. ಜನರು ಒಂದು ನೆಲದೊಂದಿಗೆ ಬಾಳಿದ ಬಗೆಯನ್ನು ತಿಳಿಸುವುದರಲ್ಲಿದೆ.

4

ಆದ್ದರಿಂದ ಬೇಕಾಗಿರುವುದು ಒಂದೇ ಅಳತೆ. ಪ್ರತಿಯೊಂದು ಸ್ಮಾರಕದ ಹೆಸರಿಗೂ, ಅದು ‘ಕಮಲ ಮಹಲ್’ ಆಗಿರಲಿ ‘ಬಡವಿಲಿಂಗ’ವಾಗಿರಲಿ, ಮೂರು ಪ್ರಶ್ನೆಗಳನ್ನು ಸಮಾನವಾಗಿ ಕೇಳಬೇಕು: ಇಟ್ಟವರು ಯಾರು? ಯಾವ ಕಾಲದಿಂದ ಬಳಕೆಯಲ್ಲಿದೆ? ಆಧಾರವೇನು? ಉತ್ತರಗಳು ಫಲಕದ ಮೇಲೂ ದಾಖಲಾಗಬೇಕು.

ಈ ಕೆಲಸಕ್ಕೆ ಹೆಚ್ಚು ಕಾಲವಿಲ್ಲ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಂಪಿಯ ಕಲ್ಲುಗಳಿಗೆ ರಕ್ಷಣೆ ದೊರೆತಿದೆ. ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ನೆಲೆಸಿದ್ದ ಕುಟುಂಬಗಳನ್ನು 2011ರಲ್ಲಿ ತೆರವುಗೊಳಿಸಲಾಯಿತು. ಸ್ಮಾರಕದ ದೃಷ್ಟಿಯಿಂದ ಅವರು ಒತ್ತುವರಿದಾರರು; ನಮ್ಮ ಶಾಸ್ತ್ರದ ದೃಷ್ಟಿಯಿಂದ ಅವರು ವಕ್ತೃಗಳು. ಕಂಬವೊಂದು ಮುರಿದರೆ ಅದನ್ನು ಮತ್ತೆ ನಿಲ್ಲಿಸುವ ತಂತ್ರ ನಮ್ಮಲ್ಲಿದೆ. ಊರು ಚದುರಿದಾಗ ಕಳೆದುಹೋಗುವ ಹೆಸರನ್ನು ಮರಳಿ ತರುವ ತಂತ್ರವಿಲ್ಲ. ನದಿಯ ಎರಡೂ ದಂಡೆಯ ಊರುಗಳಲ್ಲಿ ಆ ಹೆಸರುಗಳನ್ನು ಬಲ್ಲ ಹಿರಿಯರು ಇರುವಾಗಲೇ ಸ್ಮಾರಕನಾಮಗಳ ಕೋಶವೊಂದು ಸಿದ್ಧವಾಗಬೇಕಾದುದು ಅಗತ್ಯ.