ಮರಳಿ ಬಾರದವರ ಕಾವ್ಯವನ್ನು ಓದುವ ಬಗೆ

ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಕೊಟ್ಟಿಗೆಹಾರದಂಥ ಊರಿನಲ್ಲಿ, ಆಷಾಢದ ಮಳೆ ಹಿಡಿದ ಮೇಲೆ, ಸಂಜೆಗೆ ಮನೆ ಸೇರಬೇಕಾದವರು ಸೇರದೆ ಹೋದರೆ ಮನೆಯವರ ಮನಸ್ಸು ಮೊದಲು ಹಳ್ಳದ ಕಡೆಗೆ, ಆಮೇಲೆ ಕಾಡಿನ ಕಡೆಗೆ, ಕಡೆಗೆ ಜರಿಯುವ ಗುಡ್ಡದ ಕಡೆಗೆ ಓಡುತ್ತದೆ. 2019ರ ಆಗಸ್ಟಿನ ಮಳೆಯಲ್ಲಿ ಗುಡ್ಡ ಜರಿದ ಮಲೆಮನೆಯೆಂಬ ಊರಿನ ಗತಿಯನ್ನು ಕಂಡ ಸೀಮೆಗೆ ಈ ಭಯವನ್ನು ಯಾರೂ ಕಲಿಸಬೇಕಾದುದಿಲ್ಲ. ಕಾಣೆಯಾದವರನ್ನು ಕುರಿತ ಕಾವ್ಯವನ್ನು ಆಸ್ವಾದಿಸಬಯಸುವ ಹೊಸ ರಸಿಕನು ಕಣ್ಣೀರನ್ನರಸುವ ಮೊದಲು ಮನಸ್ಸಿನ ಈ ಓಟವನ್ನು ಗುರುತಿಸಬೇಕು.

ಕರುಣರಸವು ನಿರಪೇಕ್ಷವೆಂದೂ ಅಗಲಿಕೆಯ ಶೃಂಗಾರವಾದ ವಿಪ್ರಲಂಭವು ಸಾಪೇಕ್ಷವೆಂದೂ, ಎಂದರೆ ಒಂದರಲ್ಲಿ ಆಸೆ ಕಡಿದಿರುವುದೆಂದೂ ಇನ್ನೊಂದರಲ್ಲಿ ಉಳಿದಿರುವುದೆಂದೂ ನಾಟ್ಯಶಾಸ್ತ್ರದಲ್ಲಿ ಭರತಮುನಿಯು ಬೇರ್ಪಡಿಸಿದ್ದಾನೆ. ಪ್ರಣಯಿಗಳ ವಿಷಯದಲ್ಲಿ ಹೇಳಿದ ಈ ಭೇದವನ್ನು ತಾಯಿಯ ಅಳಲಿಗೂ ಹಿಗ್ಗಿಸಿಕೊಳ್ಳಬಹುದೆಂದು ನನ್ನ ಎಣಿಕೆ. ದೇಹವನ್ನು ಕಾಣದ ಮನೆಯು ಇವೆರಡರ ನಡುವೆ ತೊಳಲುತ್ತದೆ. ಧರ್ಮಶಾಸ್ತ್ರವು ಮುತ್ತುಗದ ಎಲೆಗಳಿಂದ ಪ್ರತಿಕೃತಿ ಮಾಡಿ ದಹಿಸೆನ್ನುತ್ತದೆ. 1872ರ ಸಾಕ್ಷ್ಯ ಅಧಿನಿಯಮವು 7 ವರ್ಷ ಸುದ್ದಿಯಿಲ್ಲದವನು ಬದುಕಿರುವನೆಂದು ಸಾಧಿಸುವ ಹೊಣೆಯನ್ನು ಹಾಗೆನ್ನುವವರ ಮೇಲೆಯೇ ಹೊರಿಸಿತು. ಕಾವ್ಯವು ಇಂಥ ತೀರ್ಮಾನಕ್ಕೆ ಅವಸರಪಡುವುದಿಲ್ಲ.

ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ತೆಗೆದುಕೊಳ್ಳಿ. ಕಾಶಿಯಲ್ಲಿ ತೊತ್ತಾಗಿರುವ ಚಂದ್ರಮತಿಯ ಮಗ ಲೋಹಿತಾಶ್ವ ಕಾಡಿಗೆ ಹೋದವನು ಹೊತ್ತು ಮುಳುಗಿದರೂ ಬಂದಿಲ್ಲ. ದಾರಿ ತಪ್ಪಿದನೋ, ಹುಲಿಯ ಬಾಯಿಗೆ ಬಿದ್ದನೋ, ಕಳ್ಳರ ಕೈಸೇರಿದನೋ, ಮಡುವಿಗಿಳಿದನೋ, ಹಾವು ಕಚ್ಚಿತೋ ಎಂದು ಆಕೆಯ ಶಂಕೆ ಹರಿಯುತ್ತದೆ. ನಡೆದುದು ಹಾವಿನ ಕಡಿತವೇ. ಆದರೆ ಆ ನಿಜವು ಉಳಿದ ಸುಳ್ಳುಗಳ ಜತೆಯಲ್ಲಿ, ಅವುಗಳಷ್ಟೇ ಭಾರದಿಂದ, ಆಕೆಯ ಬಾಯಿಂದಲೇ ಹಾದುಹೋಗುವುದನ್ನು, ಆಕೆಗೆ ಅದು ತಿಳಿಯದೆಯೇ ಇರುವುದನ್ನು, ಬಲ್ಲ ಓದುಗನ ಎದೆ ಹೇಗೆ ತಾಳೀತು! ಮುಂದೆ ಆಕೆ ದಾರಿಯಲ್ಲಿ ಬಂದವರನ್ನೆಲ್ಲ, ಕಡೆಗೆ ಗಾಳಿಯ ಸದ್ದನ್ನೂ, ಮಗನ ಹೆಸರಿಟ್ಟು ಕರೆಯುತ್ತಾಳೆ. ಇದನ್ನು ಕಣ್ಣಿನಿಂದ ಓದಿದರೆ ಸಾಲದು. ಗಮಕಿಗಳ ಬಾಯಲ್ಲಿ ಕೇಳಬೇಕು. ವಾರ್ಧಕ ಷಟ್ಪದಿಯಲ್ಲಿ ಇಪ್ಪತ್ತು ಮಾತ್ರೆಯ ಎರಡು ಪಾದಗಳು ಓಡಿ, ಮೂರನೆಯದು ಮೂವತ್ತನ್ನು ದಾಟಿ ಒಂದು ಗುರುವಿನ ಮೇಲೆ ನಿಲ್ಲುತ್ತದೆ. ಹುಡುಕುವವಳ ಉಸಿರು ಕಟ್ಟಿ ನಿಲ್ಲುವುದೂ ಅಲ್ಲಿಯೇ.

ಇನ್ನು ಜನಪದದ ‘ಕೆರೆಗೆ ಹಾರ’. ಇಲ್ಲಿ ಸೊಸೆ ಭಾಗೀರಥಿಯನ್ನು ಕೆರೆಯ ನೀರಿಗೆ ಬಲಿ ಕೊಟ್ಟವರು ಅತ್ತೆಮಾವಂದಿರೇ ಆಗಿರುವುದರಿಂದ, ದಂಡಿನಿಂದ ಮರಳಿದ ಗಂಡ ಮಾದೇವರಾಯನ ಪ್ರಶ್ನೆಗೆ ಸ್ವಂತ ಮನೆಯೇ ಸುಳ್ಳಾಡುತ್ತದೆ: ಹೆಂಡತಿ ತವರಿಗೆ ಹೋಗಿದ್ದಾಳೆ. ತವರಿನವರು ಗೆಳತಿಯ ಮನೆಯನ್ನು ತೋರಿಸುತ್ತಾರೆ. ಗೊತ್ತಿದ್ದವರು ಬಾಯಿ ಬಿಡದಿರುವ ಕ್ರೌರ್ಯವನ್ನು ಹಾಡು ಎಲ್ಲಿಯೂ ಹಳಿಯುವುದಿಲ್ಲ. ಅವನನ್ನು ಮನೆಯಿಂದ ಮನೆಗೆ ಅಲೆಸುತ್ತದೆ, ಅಷ್ಟೆ. ಕಣ್ಮರೆಯ ಕಾವ್ಯದಲ್ಲಿ ನನಗೆ ಇದಕ್ಕಿಂತ ನಿಷ್ಠುರವಾದುದು ಕಂಡಿಲ್ಲ. ಭಾಗೀರಥಿ ಮೊದಲೇ ನಿಜ ನುಡಿದಿದ್ದ ಗೆಳತಿಯೊಬ್ಬಳೇ ಅವನಿಗೂ ನಿಜವನ್ನು ಹೇಳುತ್ತಾಳೆ. ಆ ಬಾಗಿಲನ್ನು ತಲಪುವವರೆಗೆ, ಕಥೆ ತಿಳಿದಿದ್ದರೂ, ಹಾಡುವವರನ್ನು ಅವಸರಪಡಿಸದೆ ಮಾದೇವರಾಯನ ಜತೆಯಲ್ಲಿ ನಡೆಯಿರಿ.