ಒಪ್ಪಂದದ ಶೀರ್ಷಿಕೆ, ಕವಿಯ ವಿಳಾಸ

ಕೆಜಿಎಫ್‌ನಿಂದ ಬೈಲುಕುಪ್ಪೆಗೆ ನಾನು ಮೊದಲು ಹೋದದ್ದು ಪದವಿ ತರಗತಿಯ ಪ್ರವಾಸದಲ್ಲಿ. ಚಿನ್ನ ಮುಗಿದ ಊರಿನವರು ಚಿನ್ನದ ದೇಗುಲ ನೋಡಲು ಹೊರಟಿದ್ದೇವೆಂದು ಬಸ್ಸಿನಲ್ಲಿ ನಕ್ಕಿದ್ದೆವು. ಫೋಟೊ ತೆಗೆಸಿಕೊಂಡೆವು, ಮೊಮೊ ತಿಂದೆವು, ಬಂದೆವು. ಈ ಜನ 1960ರ ಹೊತ್ತಿಗೆ ಪಿರಿಯಾಪಟ್ಟಣದ ಕಾಡಿನ ಅಂಚಿಗೆ ಬಂದದ್ದು ಏಕೆಂದು ಯಾರೂ ಕೇಳಲಿಲ್ಲ. ಬೈಲುಕುಪ್ಪೆಯ ಬಗ್ಗೆ ಕನ್ನಡದಲ್ಲಿ ನಾನು ಓದಿದ ಬರಹಗಳೂ ಹೆಚ್ಚುಕಡಿಮೆ ಆ ಪ್ರವಾಸದಂತೆಯೇ ಇವೆ. ಪ್ರಾರ್ಥನಾ ಧ್ವಜಗಳಿವೆ, ಮಂದಹಾಸವಿದೆ, ರಾಜಕೀಯವಿಲ್ಲ.

ಆ ರಾಜಕೀಯವನ್ನು ಒಂದು ಶೀರ್ಷಿಕೆಯಿಂದಲೇ ಓದತೊಡಗಬಹುದು. 1954ರ ಏಪ್ರಿಲ್ 29ರಂದು ಬೀಜಿಂಗ್‌ನಲ್ಲಿ ಸಹಿಯಾದದ್ದನ್ನು ನಾವು ಪಂಚಶೀಲವೆಂದು ಬಾಯಿಪಾಠ ಮಾಡಿದ್ದೇವೆ. ಪಂಚಶೀಲ ಇರುವುದು ಪೀಠಿಕೆಯಲ್ಲಿ. ಒಪ್ಪಂದದ ಹೆಸರು ಬೇರೆ: ಭಾರತಕ್ಕೂ 'ಚೀನಾದ ಟಿಬೆಟ್ ಪ್ರದೇಶ'ಕ್ಕೂ ನಡುವಿನ ವ್ಯಾಪಾರ ಮತ್ತು ಸಂಪರ್ಕದ ಒಪ್ಪಂದ. ಒಂದು ಷಷ್ಠೀ ವಿಭಕ್ತಿ ಎಷ್ಟು ಕೆಲಸ ಮಾಡಿದೆ ನೋಡಿ! ಅದಕ್ಕೂ ನಲವತ್ತು ವರ್ಷ ಮೊದಲು, 1914ರ ಸಿಮ್ಲಾ ಮಾತುಕತೆಯ ವೇಳೆ, ಮ್ಯಾಕ್‌ಮಹನ್ ರೇಖೆಗೆ ಒಪ್ಪಿಗೆ ಕೊಟ್ಟವನು ಟಿಬೆಟ್ಟಿನ ಪ್ರತಿನಿಧಿ ಲೋನ್ಚೆನ್ ಶಾತ್ರಾ. ಅರುಣಾಚಲದ ಗಡಿಗೆ ಭಾರತ ಇಂದಿಗೂ ನೆಚ್ಚಿರುವುದು ಆ ರೇಖೆಯನ್ನೇ. ಗಡಿ ಎಳೆಯುವಾಗ ಸಹಿ ಮಾಡುವ ಕೈ ಇದ್ದ ಟಿಬೆಟ್, ವ್ಯಾಪಾರದ ಹೊತ್ತಿಗೆ ಬರೀ ಪ್ರದೇಶವಾಯಿತು. ಒಪ್ಪಂದ 1962ರಲ್ಲಿ ಅವಧಿ ಮುಗಿದು ಬಿದ್ದುಹೋಯಿತು. ಧೋರಣೆ ಉಳಿಯಿತು. 2003ರಲ್ಲಿ ವಾಜಪೇಯಿ ಬೀಜಿಂಗ್‌ನಲ್ಲಿ ಸಹಿ ಮಾಡಿದ ಘೋಷಣೆ ಅದನ್ನು ಮತ್ತೆ ಹೇಳಿ, ಭಾರತದ ನೆಲದಲ್ಲಿ ಟಿಬೆಟಿಯನ್ನರ ಚೀನಾವಿರೋಧಿ ರಾಜಕೀಯಕ್ಕೆ ಅವಕಾಶವಿಲ್ಲವೆಂಬುದನ್ನೂ ಪುನರುಚ್ಚರಿಸಿತು.

ಈ ಎರಡನೆಯ ಮಾತಿನ ಕೆಳಗೆ ಬದುಕುವ ಕವಿ ತೆನ್ಜಿನ್ ತ್ಸುಂಡುಯೆ. ಹುಟ್ಟಿದ್ದು ಮನಾಲಿಯಲ್ಲಿ, ಹೆತ್ತವರು ನೆಲೆಸಿದ್ದು ಕರ್ನಾಟಕದಲ್ಲಿ. ಹಿಮಾಚಲದಲ್ಲಿ ಬೆಟ್ಟ ಕಡಿದು ರಸ್ತೆ ಮಾಡಿದ ಕೂಲಿಗಳ ಮಗ. ತನ್ನ ಹುಟ್ಟಿದ ದಿನ ಮೂರು ಕಚೇರಿಗಳಲ್ಲಿ ಮೂರು ತೆರನಾಗಿದೆ ಎಂದು ಅವರು ತಮ್ಮ ಪ್ರಬಂಧವೊಂದರಲ್ಲಿ ಬರೆಯುತ್ತಾರೆ. ಅವರ 'ಕೋರಾ' ಸಂಕಲನದ ಎಲ್ಲ ಕವಿತೆಗಳೂ ನನಗೆ ಒಪ್ಪಿಗೆಯಲ್ಲ. ಕೆಲವು ಮೆರವಣಿಗೆಯ ಫಲಕವನ್ನು ದಾಟುವುದಿಲ್ಲ. ಆದರೆ ನೋಂದಣಿ ಪತ್ರ, ನವೀಕರಣ, ವಿದೇಶಿ ಎಂಬ ಕಚೇರಿಯ ಒಣ ಪದಗಳು ಬಂದಲ್ಲಿ ಬರಹ ಗಟ್ಟಿಯಾಗುತ್ತದೆ. ಒಪ್ಪಂದದ ಭಾಷೆಗೆ ಅದೇ ಭಾಷೆಯಲ್ಲಿ ಕೊಟ್ಟ ಉತ್ತರ ಅದು. 2005ರ ಏಪ್ರಿಲ್‌ನಲ್ಲಿ ಚೀನಾದ ಪ್ರಧಾನಿ ವೆನ್ ಜಿಯಾಬಾವೊ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಾಗ ಇದೇ ಕವಿ ಅಲ್ಲಿನ ಗೋಪುರ ಹತ್ತಿ ಬಾವುಟ ಬಿಚ್ಚಿದರು, ಬಂಧನವಾಯಿತು. ನಮ್ಮ ವಿಮರ್ಶೆ ಇದನ್ನು ಸುದ್ದಿ ಎಂದು ಬದಿಗಿಟ್ಟು ಕವಿತೆಯನ್ನಷ್ಟೇ ಓದುವುದಾದರೆ, ಬೈಲುಕುಪ್ಪೆಯಲ್ಲಿ ಗುಡಿಯನ್ನಷ್ಟೇ ನೋಡಿ ಬಂದ ನಮಗೂ ಅದಕ್ಕೂ ಏನು ವ್ಯತ್ಯಾಸ?

ಮೈಸೂರು ರಾಜ್ಯ ಅವರಿಗೆ ಭೂಮಿ ಕೊಟ್ಟಿತು, ಅದು ಸಣ್ಣ ಮಾತಲ್ಲ. ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಮಾಡಿಲ್ಲದ್ದರಿಂದ, ಕಾನೂನಿನ ಕಣ್ಣಿಗೆ ಅವರು ವಿದೇಶಿಯರು. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರೆಂದು 2010ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಆದರೂ ಪೌರತ್ವ ಪಡೆದರೆ ಟಿಬೆಟ್ಟಿನ ಹಕ್ಕೊತ್ತಾಯ ಸಡಿಲವಾದೀತೆಂಬ ಅಳುಕು ಅವರಲ್ಲಿ ಹಲವರಿಗಿದೆ. ಅದನ್ನು ಹಟವೆನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಮೈಸೂರು ಮೈನ್ಸ್‌ನ ಕಾರ್ಮಿಕ ಲೈನುಗಳಲ್ಲಿ ನಾಲ್ಕು ತಲೆಮಾರು ಬಾಳಿದವರನ್ನೂ 'ನಿಮ್ಮ ಸ್ವಂತ ಊರು ಯಾವುದು' ಎಂದು ಕೇಳುವವರಿದ್ದಾರೆ. ನಮಗೆ ಮತದಾರರ ಚೀಟಿಯಿದೆ, ಹಾಗಾಗಿ ಆ ಪ್ರಶ್ನೆ ನಮಗೆ ಬರೀ ಕಿರಿಕಿರಿ.

ಕಳೆದ ವರ್ಷ ಮತ್ತೆ ಹೋಗಿದ್ದೆ. ಸ್ವೆಟರ್ ಅಂಗಡಿಯ ಹುಡುಗ ಅಚ್ಚ ಮೈಸೂರು ಕನ್ನಡದಲ್ಲಿ ಬೆಲೆ ಹೇಳಿದ. ಅವನು 1987ರ ನಂತರ ಹುಟ್ಟಿದವನು, ನೋಂದಣಿ ಪತ್ರ ನವೀಕರಿಸುತ್ತಿರಬೇಕು. ಚಿಲ್ಲರೆ ಎಣಿಸುತ್ತ ನನ್ನ ಊರು ಕೇಳಿದ. ಕೆಜಿಎಫ್ ಅಂದೆ.

"ಹಾಗಾದ್ರೆ ನೀವು ತಮಿಳ್ರಾ?" ಅಂದ.